ಜರ್ಮನಿಯ ಪಿಂಚಣಿ ಕಂತು: 60 ತಿಂಗಳು ತುಂಬಿಸಬೇಕಾ, ವಾಪಸ್ ತಗೊಂಡು ಊರಿಗೆ ಬರಬೇಕಾ?

ತೀರ್ಥಹಳ್ಳಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ಟುಟ್‌ಗಾರ್ಟ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಬ್ಲೂ ಕಾರ್ಡ್ (ನುರಿತ ವಿದೇಶಿಯರಿಗೆ ಕೊಡುವ ಕೆಲಸದ ಪರವಾನಗಿ) ಮೇಲೆ ಬಂದು ನಾಲ್ಕು ವರ್ಷ ದಾಟಿತು. ವಯಸ್ಸು 34, ಸಂಬಳ ಈಗ ವರ್ಷಕ್ಕೆ 75,000 ಯೂರೋ. ಅದರಲ್ಲಿ 9.3% ಪಿಂಚಣಿಗೆ ಅಂತ ಮುರಿದುಕೊಳ್ಳುತ್ತಾರೆ, ಅಂದರೆ ತಿಂಗಳಿಗೆ 580 ಯೂರೋ ಚಿಲ್ಲರೆ. ಕಂಪನಿಯೂ ಅಷ್ಟೇ ಹಾಕುತ್ತೆ.

ಈಗ ಬೆಂಗಳೂರಿನಿಂದ ಒಂದು ಒಳ್ಳೆಯ ಆಫರ್ ಬಂದಿದೆ. ಐದು ವರ್ಷ ತುಂಬುವ ಮೊದಲೇ ಹೊರಟರೆ ನಾನು ಕಟ್ಟಿದ ಭಾಗ ವಾಪಸ್ ಸಿಗುತ್ತೆ, ಆದರೆ ಎರಡು ವರ್ಷ ಕಾಯಬೇಕು ಅಂತಾರೆ. ಐದು ವರ್ಷ ತುಂಬಿಸಿದರೆ 67ಕ್ಕೆ ಪಿಂಚಣಿ. ಆದರೆ ನಮ್ಮ ಟೀಮಿನ ಜರ್ಮನ್ ಹುಡುಗರೇ ಊಟದ ಹೊತ್ತಲ್ಲಿ "ನಮ್ಮ ಕಾಲಕ್ಕೆ ಏನೂ ಉಳಿದಿರಲ್ಲ ಬಿಡು" ಅಂತಾರೆ. ಅವರಲ್ಲಿ ಯಾರಿಗೂ ಮಕ್ಕಳಿಲ್ಲ ಅನ್ನೋದು ಬೇರೆ ವಿಷಯ. (ನಮಗೂ ಇನ್ನೂ ಆಗಿಲ್ಲ. ಅದಕ್ಕೆ, ಮುಪ್ಪಿನಲ್ಲಿ ನೋಡಿಕೊಳ್ಳುವವರ ಖರ್ಚಿಗಿರುವ ಆರೈಕೆ ವಿಮೆಯಲ್ಲಿ 0.6% ಹೆಚ್ಚು ಕಟ್ಟುತ್ತಿದ್ದೇನೆ. 23 ದಾಟಿದ, ಮಕ್ಕಳಿಲ್ಲದ ಎಲ್ಲರಿಗೂ ಈ ದಂಡ. ಊರಲ್ಲಿ ಅತ್ತೆಯಂದಿರು ಬರೀ ಬಾಯಲ್ಲಿ ಕೇಳುತ್ತಿದ್ದರು, ಇಲ್ಲಿ ಸಂಬಳದಲ್ಲೇ ಹಿಡಿಯುತ್ತಾರೆ.)

ನಿಜವಾಗಿ ಕೊರೆಯುತ್ತಿರುವುದು ಇನ್ನೊಂದು. ನನ್ನ ದುಡ್ಡು ಎಲ್ಲೂ ಜಮಾ ಆಗುತ್ತಿಲ್ಲವಂತೆ, ಈ ತಿಂಗಳು ಕಟ್ಟಿದ್ದು ಈ ತಿಂಗಳೇ ಇಲ್ಲಿನ ಹಿರಿಯರಿಗೆ ಹೋಗುತ್ತೆ. ಕೆಳಗಿನ ಮನೆಯ ಓನರ್ ಅಜ್ಜಿಗೆ ನಾನು ಬಾಡಿಗೆಯನ್ನೂ ಕೊಟ್ಟು ಪಿಂಚಣಿಯನ್ನೂ ಕೊಟ್ಟ ಹಾಗಾಯಿತು. ನಮ್ಮಪ್ಪನಿಗೆ ಎರಡು ಎಕರೆ ಅಡಿಕೆ ತೋಟ ಬಿಟ್ಟರೆ ಬೇರೇನಿಲ್ಲ. ತಿಳಿದವರು ಹೇಳಿ, ಇರಲಾ ಹೊರಡಲಾ?

ಮ್ಯೂನಿಕ್_ಮೈಸೂರಿಗ:

ಮೊದಲು ಲೆಕ್ಕ. ಇಲ್ಲಿನ ಸರಾಸರಿ ಸಂಬಳದಷ್ಟು ದುಡಿದರೆ ವರ್ಷಕ್ಕೆ ಒಂದು ಪಿಂಚಣಿ ಪಾಯಿಂಟ್. 2025ರ ಜುಲೈನಿಂದ ಒಂದು ಪಾಯಿಂಟಿಗೆ ತಿಂಗಳಿಗೆ 40.79 ಯೂರೋ. ನಿಮ್ಮ ಸಂಬಳಕ್ಕೆ ಐದು ವರ್ಷದಲ್ಲಿ ಏಳು ಪಾಯಿಂಟ್ ಅಂದುಕೊಳ್ಳಿ, ಇವತ್ತಿನ ಬೆಲೆಯಲ್ಲಿ ತಿಂಗಳಿಗೆ 285 ಯೂರೋ. ಬದುಕಿರುವವರೆಗೂ ಬರುತ್ತೆ, ಭಾರತದಲ್ಲಿದ್ದರೂ ಬರುತ್ತೆ. ವಾಪಸ್ ತಗೊಂಡರೆ ಕೈಗೆ ಸುಮಾರು 25,000 ಯೂರೋ, ಬಡ್ಡಿ ಇಲ್ಲ. ಕಂಪನಿ ಹಾಕಿದ ಅರ್ಧ ಇಲ್ಲೇ ಉಳಿಯುತ್ತೆ. ನಮ್ಮಂಥವರು ನಾಲ್ಕು ವರ್ಷ ದುಡಿದು ಹೋದರೆ ಈ ವ್ಯವಸ್ಥೆಗೆ ನಷ್ಟ ಅಂತ ಯಾರಾದರೂ ಹೇಳಿದರೆ ಈ ಅರ್ಧವನ್ನು ನೆನಪಿಸಿ.

ಬರುವ ಮುಂಚೆ ಬೆಂಗಳೂರಲ್ಲಿ ಪಿಎಫ್ ಇತ್ತಾ? ಅದರ ಪಿಂಚಣಿ ಭಾಗವನ್ನು ತೆಗೆಯದೆ ಬಿಟ್ಟಿದ್ದರೆ ಒಳ್ಳೆಯದು. 2017ರ ಮೇ ತಿಂಗಳಿಂದ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ, ಅರ್ಹತೆಗೆ ಎರಡೂ ಕಡೆಯ ವರ್ಷಗಳನ್ನು ಕೂಡಿಸುತ್ತಾರೆ. ಒಮ್ಮೆ ಹಣ ವಾಪಸ್ ತಗೊಂಡರೆ ಮಾತ್ರ ಇಲ್ಲಿನ ಇಡೀ ದಾಖಲೆ ಅಳಿಸಿ ಹೋಗುತ್ತೆ.

ಇನ್ನು ದುಡ್ಡು ಉಳಿದಿರುತ್ತಾ ಅನ್ನೋ ಪ್ರಶ್ನೆ. ಉಳಿಯೋಕೆ ಇಟ್ಟಿದ್ದರೆ ತಾನೆ! 1957ರಲ್ಲಿ ಚಾನ್ಸೆಲರ್ ಅಡೆನೌವರ್ ಕಾಲದಲ್ಲಿ, ಬಂದ ಕಂತನ್ನು ಆಗಲೇ ಹಂಚುವ ಈ ಪದ್ಧತಿ ತಂದಾಗ ಯಾರೋ ಜನನ ಪ್ರಮಾಣದ ಬಗ್ಗೆ ಎಚ್ಚರಿಸಿದರಂತೆ, ಅಡೆನೌವರ್ "ಮಕ್ಕಳನ್ನು ಜನ ಹೇಗೂ ಹೆರುತ್ತಾರೆ" ಅಂದರು ಅಂತ ಪ್ರತೀತಿ. 1964ರಲ್ಲಿ ಎರಡೂ ಜರ್ಮನಿ ಸೇರಿ ಹುಟ್ಟಿದ ಮಕ್ಕಳು 13.5 ಲಕ್ಷಕ್ಕೂ ಹೆಚ್ಚು. 2024ರಲ್ಲಿ ಸುಮಾರು 6.77 ಲಕ್ಷ. ಆ 64ರವರಿಗೆ 67 ತುಂಬುವುದು 2031ರಲ್ಲಿ. ಅರವತ್ತರ ದಶಕದ ಶುರುವಿನಲ್ಲಿ ಒಬ್ಬ ಪಿಂಚಣಿದಾರನಿಗೆ ಆರು ಜನ ದುಡಿಯುವವರಿದ್ದರು, ಈಗ ಇಬ್ಬರು. ಕಂತು ಸಾಲದೆ ಕೇಂದ್ರ ಬಜೆಟ್ಟಿನಿಂದ ವರ್ಷಕ್ಕೆ 100 ಬಿಲಿಯನ್ ಯೂರೋಗೂ ಹೆಚ್ಚು ಸುರಿಯುತ್ತಿದ್ದಾರೆ. ಹಾಗಾಗಿ ಪಿಂಚಣಿ ನಿಂತುಹೋಗಲ್ಲ. ಸಂಬಳಕ್ಕೆ ಹೋಲಿಸಿದರೆ ಸಣ್ಣದಾಗುತ್ತೆ, ಅಥವಾ ವಯಸ್ಸು ಇನ್ನೂ ಮುಂದೆ ಹೋಗುತ್ತೆ, ಅಥವಾ ತೆರಿಗೆ ಏರುತ್ತೆ. ಮೂರರಲ್ಲಿ ಯಾವುದು ಎಷ್ಟು ಅನ್ನೋದರ ಮೇಲೇ ಇಲ್ಲಿನ ರಾಜಕೀಯವೆಲ್ಲ ನಡೆಯುತ್ತಿರುವುದು.

ನಾನು ಬಂದದ್ದು 2000ದಲ್ಲಿ, ಆಗಿನ ಚಾನ್ಸೆಲರ್ ಶ್ರೋಡರ್ ಐಟಿಯವರಿಗೆ ಗ್ರೀನ್ ಕಾರ್ಡ್ ಅಂತ ಕರೆದಾಗ. ಅದೇ ವರ್ಷ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆಯಲ್ಲಿ ಸಿಡಿಯು ಪಕ್ಷದ ರುಟ್‌ಗರ್ಸ್ ಹೆಸರಿಗೆ ಅಂಟಿಕೊಂಡ ಘೋಷಣೆ ಗೊತ್ತಾ? "ಕಿಂಡರ್ ಷ್ಟಾಟ್ ಇಂಡರ್", ಇಂಡಿಯನ್ನರ ಬದಲು ಮಕ್ಕಳು. ಮಕ್ಕಳೂ ಹೆಚ್ಚಲಿಲ್ಲ. 2024ರ ಅಕ್ಟೋಬರಿನಲ್ಲಿ ಇದೇ ದೇಶ ನುರಿತ ಭಾರತೀಯರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂತು. ನಗು ಬರುತ್ತೆ.

ನನ್ನ ಮಾತು ಕೇಳಿದರೆ 60 ತಿಂಗಳು ತುಂಬಿಸಿಯೇ ಹೊರಡಿ.

ಶಿರ್ವದ_ಸಿಸ್ಟರ್:

ನನಗೆ ಪಾಯಿಂಟು ಲೆಕ್ಕ ಎಲ್ಲ ಅಷ್ಟು ತಲೆಗೆ ಹೋಗುವುದಿಲ್ಲ ಮಾರಾಯ್ರೆ. ನಾನು ನ್ಯೂರೆಂಬರ್ಗ್ ಹತ್ತಿರ ವೃದ್ಧಾಶ್ರಮದಲ್ಲಿ ನರ್ಸ್. ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾಗಿ ಬಂದರೂ ಸರ್ಟಿಫಿಕೇಟಿಗೆ ಇಲ್ಲಿನ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳದಲ್ಲೇ ದುಡಿದದ್ದು. ನಮ್ಮಲ್ಲಿ ಒಂದು ಇಡೀ ಮಹಡಿ ಖಾಲಿ ಉಂಟು. ಮಂಚ ಉಂಟು, ಕಾಯುತ್ತಿರುವ ಅಜ್ಜ ಅಜ್ಜಿಯರೂ ಇದ್ದಾರೆ, ನೋಡಿಕೊಳ್ಳುವ ಜನ ಇಲ್ಲ. ಪಿಂಚಣಿ ದುಡ್ಡು ಖಾತೆಗೆ ಬಂದರೆ ಸಾಕಾ? ಸ್ನಾನ ಮಾಡಿಸುವ ಕೈ ಬೇಡವಾ? ರಾತ್ರಿ ಪಾಳಿಯಲ್ಲಿ ನಾನು, ಕೋಟ್ಟಯಂನ ಒಬ್ಬಳು, ಬೋಸ್ನಿಯಾದ ಒಬ್ಬಳು, ಇಷ್ಟೇ.

ಇನ್ನೊಂದು ಹೇಳ್ತೇನೆ. ನಮ್ಮಲ್ಲಿ ಒಬ್ಬರು ಟರ್ಕಿಯ ಅಜ್ಜ ಇದ್ದಾರೆ. 1961ರ ಒಪ್ಪಂದದ ನಂತರ ಕಾರ್ಖಾನೆ ಕೆಲಸಕ್ಕೆ ಬಂದವರು. ಎರಡು ವರ್ಷ ದುಡಿದು ಊರಿಗೆ ಹೋಗುವ ಲೆಕ್ಕದಲ್ಲಿ ಬಂದದ್ದಂತೆ. ಈಗ ಮರೆವಿನ ಕಾಯಿಲೆ, ಕಲಿತ ಜರ್ಮನ್ ಎಲ್ಲ ಹೋಗಿ ಟರ್ಕಿಶ್ ಮಾತ್ರ ಉಳಿದಿದೆ. ಹೊರಗಿನಿಂದ ಜನ ತಂದರೆ ಲೆಕ್ಕ ಸರಿಹೋಗ್ತದೆ ಅನ್ನುವವರು ಇವರನ್ನು ಒಮ್ಮೆ ನೋಡಬೇಕು. ಬಂದವರಿಗೂ ವಯಸ್ಸಾಗ್ತದೆ ಅಲ್ವಾ? ಆಗ ಅವರಿಗೆ ಕಟ್ಟಲಿಕ್ಕೆ ಮತ್ತೆ ಯಾರನ್ನು ತರುವುದು? ಹಾಗಂತ ತರದೆ ಇದ್ದರೆ ನಾಳೆ ಬೆಳಿಗ್ಗೆಯೇ ನಮ್ಮ ವಾರ್ಡು ಬಂದ್.

ಧಾರವಾಡ_ಮಾಸ್ತರ:

ತಮ್ಮಾ, ನಾ ನಿವೃತ್ತ ಹೈಸ್ಕೂಲ್ ಮಾಸ್ತರ. ನಂದು ಹಳೇ ಪಿಂಚಣಿ, ಮಗಂದು ಎನ್‌ಪಿಎಸ್. 2006ರ ಏಪ್ರಿಲ್ ಒಂದರ ನಂತರ ರಾಜ್ಯ ಸರಕಾರಿ ನೌಕರಿಗೆ ಸೇರಿದ ಬಹುತೇಕರಿಗೆ ಅದೇ. ನನಗ ಈ ವರ್ಷದ ತೆರಿಗಿ ದುಡ್ಡಿನೊಳಗ ಕೊಡತಾರ, ಅವಂದು ಅವನೇ ಕೂಡಿಡಬೇಕು. ನಮ್ಮ ಮನಿಯೊಳಗ ಊಟಕ್ಕ ಕುಂತಾಗೆಲ್ಲಾ ನಿಮ್ಮ ಜರ್ಮನಿ ಜಗಳಾನ ನಡೀತೈತಿ.

ಆದರ ನೀವೆಲ್ಲಾ ಜರ್ಮನಿ ಅಂತ ನಗಾಕತ್ತೀರಿ. ಕರ್ನಾಟಕದಾಗ ಒಬ್ಬ ಹೆಣ್ಣಮಗಳಿಗೆ ಸರಾಸರಿ ಮಕ್ಕಳು 1.7, ಇದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಜನಸಂಖ್ಯಾ ಇದ್ದಷ್ಟ ಇರಬೇಕಂದ್ರ 2.1 ಬೇಕು. ಜರ್ಮನಿ ಶ್ರೀಮಂತ ಆದ ಮ್ಯಾಲೆ ಮುದುಕ ಆತು, ನಾವು ಶ್ರೀಮಂತ ಆಗೂದ್ರೊಳಗ ಮುದುಕ ಆಗತೇವಿ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದಾಗ ಈಗ ಅಸ್ಸಾಂ ಮಂದಿ ದುಡಿಯಾಕತ್ತಾರ. ನಿನ್ನ ಹೆಸರಿಲೆ ಜರ್ಮನಿಯೊಳಗ ಒಂದು ಖಾತೆರೆ ಐತಿ, ಪಾಯಿಂಟ್ ಬೀಳತಾವು. ಆ ಅಸ್ಸಾಂ ಹುಡುಗನ ಹೆಸರಿಲೆ ಇಲ್ಲಿ ಏನೈತಿ? ಅವಂಗ ಅರವತ್ತಾದಾಗ ಯಾವ ರಾಜ್ಯ ಕೊಡತೈತಿ?

ಮತ್ತ, ನಿನ್ನ ಹಡದು, ಸಾಕಿ, ಎಂಜಿನಿಯರ್ ಮಾಡೋ ತನಕ ಖರ್ಚು ಮಾಡಿದ್ದು ನಿಮ್ಮಪ್ಪನ ಅಡಿಕಿ. ದುಡಿಯೋ ವಯಸ್ಸಿಗೆ ಅವರಿಗೆ ಸಿದ್ಧ ಮಾಲ್ ಸಿಕ್ಕೈತಿ. ಅದರ ಬಿಲ್ ಯಾರೂ ಕಳಸಿಲ್ಲ. ಹಂಗಾಗಿ ಆ 285 ಯೂರೋ ಅವರು ನಿನಗ ಕೊಡೂ ದಾನ ಅಲ್ಲ, ಬಿಡಬ್ಯಾಡ.

ತೀರ್ಥಹಳ್ಳಿ_ಹುಡುಗ:

ಮಾಸ್ತರ್ರೇ, ಬಿಲ್ಲಿನ ಮಾತು ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. "ಅದಿರಲಿ, ಅಡಿಕೆ ಕೊನೆ ತೆಗೆಯೋಕೆ ಈ ವರ್ಷ ಯಾರೂ ಸಿಗ್ತಿಲ್ಲ, ಜರ್ಮನಿಯವರು ಯಾರನ್ನಾದ್ರೂ ಕಳಿಸ್ತಾರಾ ಕೇಳು" ಅಂದರು.

ಮೈಸೂರಿಗ ಸರ್, ಪಿಎಫ್ 2013ರಿಂದ ಇದೆ, ಪಿಂಚಣಿ ಭಾಗ ಮುಟ್ಟಿಲ್ಲ, ಎಂಟು ವರ್ಷ ಆಗಿದೆ. ಅಲ್ಲಿ ಹತ್ತು ವರ್ಷ ಬೇಕಲ್ಲ, ಜರ್ಮನಿಯ ವರ್ಷ ಸೇರಿಸಿದರೆ ದಾಟುತ್ತೆ ಅಂತಾಯ್ತು? ಬೆಂಗಳೂರಿನವರು ಕೆಲವು ತಿಂಗಳು ಕಾಯಲು ಒಪ್ಪಿದ್ದಾರೆ.

ಮ್ಯೂನಿಕ್_ಮೈಸೂರಿಗ:

ದಾಟುತ್ತೆ, ಆದರೆ ಪ್ರತಿ ದೇಶ ತನ್ನಲ್ಲಿ ದುಡಿದ ವರ್ಷಕ್ಕಷ್ಟೇ ಹಣ ಕೊಡುತ್ತೆ. ಹೊರಡುವ ಮುಂಚೆ ಇಲ್ಲಿನ ಪಿಂಚಣಿ ಕಚೇರಿಯಿಂದ ನಿಮ್ಮ ವಿಮಾ ದಾಖಲೆಯ ಪ್ರತಿ ತರಿಸಿಕೊಂಡು ಒಂದೊಂದು ತಿಂಗಳೂ ಸರಿ ಇದೆಯಾ ನೋಡಿ. ವಿಮಾ ಸಂಖ್ಯೆ ಇರುವ ಪತ್ರ ಕಳೆದುಕೊಳ್ಳಬೇಡಿ, ವಿಳಾಸ ಬದಲಾದಾಗ ಅವರಿಗೆ ಬರೆದು ತಿಳಿಸಿ. 67ಕ್ಕೆ ಅವರಾಗಿ ನಿಮ್ಮನ್ನು ಹುಡುಕಿಕೊಂಡು ತೀರ್ಥಹಳ್ಳಿಗೆ ಬರಲ್ಲ, ಅರ್ಜಿ ನೀವೇ ಹಾಕಬೇಕು.