ಬೇಸಿಗೆ ರಜೆಗೆ ಮಾಲ್ಡೀವ್ಸ್‌ನಲ್ಲಿ ಸರ್ಫಿಂಗ್: ಹುಬ್ಬಳ್ಳಿಯಿಂದ ಹೊರಡುವವರಿಗೆ ಸಲಹೆ ಬೇಕಾಗಿದೆ

ಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಇಪ್ಪತ್ತು ವರ್ಷ ತುಂಬುವ ನೆಪದಲ್ಲಿ, ಮುಂದಿನ ಬೇಸಿಗೆಗೆ ನಾನು, ನನ್ನ ಪತ್ನಿ ಹಾಗೂ ಮೊದಲ ಪಿಯುಸಿ ಓದುತ್ತಿರುವ ಮಗ ಸರ್ಫಿಂಗ್‌ಗೆಂದೇ ಒಂದು ದ್ವೀಪ ಪ್ರವಾಸ ಮಾಡಬೇಕೆಂದಿದ್ದೇವೆ. ಮಗ ಮತ್ತು ನಾನು ಮೂಲ್ಕಿಯಲ್ಲಿ ಕಲಿತವರು. ದಡದ ನೊರೆಯಲ್ಲಿ ಎದ್ದು ನಿಲ್ಲುವ ಹಂತ ದಾಟಿ, ಇನ್ನೂ ಮುರಿಯದ ತೆರೆಯನ್ನು ಹಿಡಿದು ಅದರ ಮುಖದ ಮೇಲೆ ಓರೆಯಾಗಿ ಸಾಗುವಷ್ಟು ರೂಢಿಯಾಗಿದೆ. ಪತ್ನಿಗೆ ಈಜು ಬರುತ್ತದೆಯಾದರೂ ಅವಳು ಕಲಿತದ್ದು ನರೇಗಲ್ಲಿನ ತವರುಮನೆಯ ಹೊಲದ ಬಾವಿಯಲ್ಲಿ. ಸಮುದ್ರವೆಂದರೆ ಅವಳಿಗೆ ಇಂದಿಗೂ ಅಳುಕು.

ಜೀವನದಲ್ಲಿ ಒಮ್ಮೆ ಹೋಗುವುದು, ಆದ್ದರಿಂದ ಖರ್ಚಿನಲ್ಲಿ ಕೈ ಬಿಗಿ ಹಿಡಿಯುವ ಉದ್ದೇಶವಿಲ್ಲ. ಇಲ್ಲಿಯ ಏಜೆಂಟರೊಬ್ಬರು ಮೇ ಕೊನೆಯ ವಾರಕ್ಕೆ ನೀರಿನ ಮೇಲಿನ ವಿಲ್ಲಾ, ಸೀಪ್ಲೇನ್ ಪ್ರಯಾಣ, ಊಟ ಎಲ್ಲವೂ ಸೇರಿದ ಮಾಲ್ಡೀವ್ಸ್ ಪ್ಯಾಕೇಜ್ ತೋರಿಸಿದ್ದಾರೆ. ಸರ್ಫಿಂಗ್ ಬಗ್ಗೆ ವಿಚಾರಿಸಿದರೆ, "ಸಮುದ್ರ ಇದ್ದ ಮ್ಯಾಲ ತೆರಿ ಇದ್ದ ಇರ್ತಾವ ಬಿಡ್ರಿ" ಎಂದು ಮಾತು ಮುಗಿಸಿಬಿಟ್ಟರು. ಬಾಲಿ ಅಥವಾ ಶ್ರೀಲಂಕಾ ನಮಗೆ ಹೆಚ್ಚು ಹೊಂದೀತೆ? ತಿಂಗಳು ಯಾವುದಾದರೆ ಒಳ್ಳೆಯದು? ಅನುಭವ ಉಳ್ಳವರು ತಿಳಿಸಬೇಕು.

ಉತ್ತರ: ಸಪ್ತಾಪುರ, ಧಾರವಾಡ

ವಿದ್ಯಾನಗರದ ಸರ್, ಆ ಪ್ಯಾಕೇಜಿಗೆ ಮುಂಗಡ ಕೊಡುವ ಮೊದಲು ಒಂದು ವಿಷಯ ಗಮನಿಸಿ. ನೀರಿನ ಮೇಲಿನ ವಿಲ್ಲಾಗಳನ್ನು ಕಟ್ಟುವುದೇ ತೆರೆ ಬಾರದ ಕಡೆ, ಹವಳದ ದಿಬ್ಬದ ಒಳಗೆ ನಿಂತ ತಿಳಿನೀರಿನ ಲಗೂನ್‌ನಲ್ಲಿ. ನಿಮಗೆ ಬೇಕಾದ ತೆರೆ ಮುರಿಯುವುದು ಆ ದಿಬ್ಬದ ಹೊರ ಅಂಚಿನಲ್ಲಿ, ಅದೂ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ. ಅಂಟಾರ್ಕ್ಟಿಕಾದ ಕಡೆಯ ದಕ್ಷಿಣ ಸಾಗರದಲ್ಲಿ ಬಿರುಗಾಳಿಗಳು ಎಬ್ಬಿಸಿದ ಸ್ವೆಲ್, ಅಂದರೆ ದೂರ ಸಾಗುವ ಉದ್ದನೆಯ ಅಲೆ, ಸಾವಿರಾರು ಕಿಲೋಮೀಟರ್ ಸಾಗಿ ಬಂದು, ಆಳ ಸಮುದ್ರದಿಂದ ಗೋಡೆಯಂತೆ ಎದ್ದಿರುವ ಹವಳಕ್ಕೆ ತಾಗಿ ತೆರೆಯಾಗುತ್ತದೆ. ಅಲ್ಲಿಯ ಚಳಿಗಾಲ ನಮ್ಮ ಮಳೆಗಾಲ. ಆದ್ದರಿಂದ ಮಾಲ್ಡೀವ್ಸ್‌ನಲ್ಲಿ ಸರ್ಫಿಂಗ್ ಹಂಗಾಮು ಸುಮಾರು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ನಡೆದು, ಜೂನ್‌ನಿಂದ ಆಗಸ್ಟ್‌ವರೆಗೆ ತೆರೆಗಳು ಅತ್ಯಂತ ದೊಡ್ಡವಾಗಿರುತ್ತವೆ. ಸಾಮಾನ್ಯ ಪ್ರವಾಸಿಗರು ಮುಗಿಬೀಳುವ ಡಿಸೆಂಬರ್, ಜನವರಿಯಲ್ಲಿ ಸಮುದ್ರ ಕನ್ನಡಿಯಂತಿದ್ದು ನಮ್ಮಂಥವರಿಗೆ ಕೆಲಸವೇ ಇರುವುದಿಲ್ಲ.

ಮೇ ಕೊನೆಯ ವಾರವೆಂದರೆ ನೈಋತ್ಯ ಮಾರುತ ಆಗಲೇ ಕಾಲಿಟ್ಟಿರುತ್ತದೆ. ಪಳಗಿದವರು ಅದನ್ನೇ ಕಾಯುತ್ತಾರೆ, ಏಕೆಂದರೆ ಮಾಲೆಯ ಸುತ್ತಲಿನ ಹವಳದ್ವೀಪಗಳ ಗುಂಪಾದ ಉತ್ತರ ಮಾಲೆ ಅಟಾಲ್‌ನ ಪೂರ್ವ ಅಂಚಿನಲ್ಲಿ ಆ ಗಾಳಿ ದ್ವೀಪದ ಕಡೆಯಿಂದ ಸಮುದ್ರದ ಕಡೆಗೆ ಬೀಸಿ ತೆರೆಯ ಮುಖವನ್ನು ನುಣುಪಾಗಿ ಎತ್ತಿ ಹಿಡಿಯುತ್ತದೆ. ಆದರೆ ಮೂಲ್ಕಿಯಲ್ಲಿ ಬಿದ್ದರೆ ಕೆಳಗೆ ಮರಳು, ಅಲ್ಲಿ ಬಿದ್ದರೆ ಕೆಳಗೆ ಹವಳ. ನಿಮ್ಮ ಮತ್ತು ಮಗನ ಮಟ್ಟಕ್ಕೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವವರೆಗಿನ ಸಮಯವೇ ಸೂಕ್ತ. ತೆರೆ ಚಿಕ್ಕದು, ಮಳೆ ಕಡಿಮೆ, ಮಗನ ಪರೀಕ್ಷೆಗಳೂ ಮುಗಿದಿರುತ್ತವೆ.

ಸೀಪ್ಲೇನ್ ಬೇಡವೇ ಬೇಡ. ಅದು ಹಗಲು ಮಾತ್ರ ಹಾರುತ್ತದೆ, ಸಾಮಾನಿನ ತೂಕಕ್ಕೆ ಕಟ್ಟುನಿಟ್ಟು ಮಿತಿಯಿದೆ, ಉದ್ದದ ಬೋರ್ಡ್ ಹಿಡಿಸುವುದು ಕಷ್ಟ. ಸಂಜೆ ಮಾಲೆಗೆ ಇಳಿದರೆ ಆ ರಾತ್ರಿ ಅಲ್ಲಿಯೇ ಹೋಟೆಲ್ ಹಿಡಿಯಬೇಕು. ಉತ್ತರ ಮಾಲೆ ಅಟಾಲ್‌ನ ರೆಸಾರ್ಟ್‌ಗಳಿಗಾದರೆ ವಿಮಾನ ನಿಲ್ದಾಣದ ಕಟ್ಟೆಯಿಂದಲೇ ಸ್ಪೀಡ್‌ಬೋಟ್ ಹೊರಡುತ್ತದೆ. ಸಿನಮನ್ ಧೋನ್‌ವೆಲಿ ರೆಸಾರ್ಟಿನ ಎದುರಿಗಿರುವ ಪಾಸ್ತಾ ಪಾಯಿಂಟ್ ಎಂಬ ತೆರೆಗೆ ಅಲ್ಲಿಯ ಅತಿಥಿಗಳನ್ನಷ್ಟೇ ಬಿಡುತ್ತಾರೆ. ಸರ್ಫಿಂಗ್ ಪಾಸಿಗೆ ಕೋಣೆಯ ಬಾಡಿಗೆಯ ಹೊರತಾಗಿ ಹಣ ಕಟ್ಟಬೇಕು. ಸುಲ್ತಾನ್ಸ್, ಹಾಂಕೀಸ್, ಜೈಲ್‌ಬ್ರೇಕ್ಸ್ ಮುಂತಾದ ತೆರೆಗಳು ದೋಣಿಯಲ್ಲಿ ಹೋಗಿಬರುವಷ್ಟು ಸಮೀಪದಲ್ಲಿವೆ. ತುಲುಸ್ಧೂ ದ್ವೀಪದ ಕೋಕ್ಸ್ ಎಂಬ ತೆರೆಯ ಕಡೆಗೆ ಮಾತ್ರ ಸದ್ಯಕ್ಕೆ ಹೋಗಬೇಡಿ. ಅಲ್ಲಿ ತೆರೆ ಗಡುಸು, ನೀರಿನ ಆಳ ಕಡಿಮೆ.

ಈ ತೆರೆಗಳನ್ನು ಜಗತ್ತಿಗೆ ಪರಿಚಯಿಸಿದವರು ಟೋನಿ ಹಿಂಡೆ ಎಂಬ ಆಸ್ಟ್ರೇಲಿಯಾದವರು. 1973ರಲ್ಲಿ ಅವರಿದ್ದ ಹಡಗು ಇಲ್ಲಿಯ ಹವಳಕ್ಕೆ ಸಿಕ್ಕಿ ಒಡೆದ ಮೇಲೆ ಅವರು ಇಲ್ಲಿಯೇ ನೆಲೆ ನಿಂತು, 2008ರಲ್ಲಿ ಪಾಸ್ತಾ ಪಾಯಿಂಟ್‌ನಲ್ಲಿ ಸರ್ಫಿಂಗ್ ಮಾಡಿದ ದಿನವೇ ತೀರಿಕೊಂಡರು.

ಕೈ ಬಿಗಿ ಹಿಡಿಯುವುದಿಲ್ಲ ಎಂದಿದ್ದೀರಿ, ಒಳ್ಳೆಯದು. ಆದರೆ ಆ ಹಣ ವಿಲ್ಲಾದ ಗಾಜಿನ ನೆಲಕ್ಕಿಂತ ನಿಮ್ಮಿಬ್ಬರಿಗೇ ಮೀಸಲಾದ ಗೈಡ್ ಮತ್ತು ದೋಣಿಗೆ ಹೋಗಲಿ. ಯಾವ ಹೊತ್ತಿನ ಉಬ್ಬರಕ್ಕೆ ಯಾವ ದಿಬ್ಬ ಎಂಬುದನ್ನು ಬಲ್ಲ ಗೈಡ್, ಉಳಿದ ದೋಣಿಗಳು ಬರುವ ಮೊದಲೇ ನಸುಕಿನಲ್ಲಿ ನಿಮ್ಮನ್ನು ಅಲ್ಲಿಗೆ ಮುಟ್ಟಿಸುತ್ತಾನೆ. ಇಂಥ ಪ್ರವಾಸದಲ್ಲಿ ನಿಜವಾದ ಐಷಾರಾಮ ಅದೇ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಬೆಟಗೇರಿ, ಗದಗ

ಸಪ್ತಾಪುರದವರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ಅಕ್ಕನವರ ಬಗ್ಗೆ ಯಾರೂ ಮಾತನಾಡಲಿಲ್ಲ. ಬಾವಿಯಲ್ಲಿ ಈಜು ಕಲಿತವರಿಗೆ ದಮ್ಮು ಇರುತ್ತದೆ, ನೀರಿನ ಹೆದರಿಕೆ ಇರುವುದಿಲ್ಲ. ಅಳುಕು ಇರುವುದು ನೀರು ಎಳೆದೊಯ್ಯುವುದಕ್ಕೆ. ಅವರನ್ನು ಹವಳದ ತೆರೆಗೆ ಇಳಿಸಕೂಡದು. ಅವರೂ ಸರ್ಫಿಂಗ್ ಕಲಿಯಬೇಕೆಂಬ ಆಸೆಯಿದ್ದರೆ ಶ್ರೀಲಂಕಾದ ವೆಲಿಗಾಮ ಒಳ್ಳೆಯದು. ಅಗಲವಾದ ಕೊಲ್ಲಿ, ಮರಳಿನ ತಳ, ಹೊಸಬರಿಗೆ ಹೇಳಿ ಮಾಡಿಸಿದ ಸಾವಕಾಶದ ತೆರೆ. ಆದರೆ ಆ ದಕ್ಷಿಣ ಕರಾವಳಿಯ ಹಂಗಾಮು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಅನಂತರ ಪೂರ್ವದ ಅರುಗಮ್ ಬೇ ಕಡೆಗೆ ಹೋಗಬೇಕು. ಬಾಲಿಯ ಕೂಟಾ ದಂಡೆಯಲ್ಲಿಯೂ ಮರಳಿನ ಮೇಲೆ ಕಲಿಯಬಹುದು, ಜನಸಂದಣಿ ಸಹಿಸುವ ತಾಳ್ಮೆ ಇರಬೇಕಷ್ಟೆ. ಹವಳದ ಮೇಲಿನ ಗಡುಸು ತೆರೆಗಳಿಗೆ ಹೆಸರಾದ ಇಂಡೊನೇಷ್ಯಾದ ಮೆಂಟಾವೈ ದ್ವೀಪಗಳ ವಿಡಿಯೊ ನೋಡಿ ಮಗ ಹಟ ಹಿಡಿದರೆ, ಕೆಲವು ವರ್ಷ ಬಿಟ್ಟು ಅವನೇ ಹೋಗಲಿ ಎಂದುಬಿಡಿ.

ಪ್ರಶ್ನಿಸಿದವರು: ವಿದ್ಯಾನಗರ, ಹುಬ್ಬಳ್ಳಿ

ಇಬ್ಬರಿಗೂ ಧನ್ಯವಾದಗಳು. ಮನೆಯಲ್ಲಿ ಓದಿ ಹೇಳಿದೆ. ತನಗೆ ಬೋರ್ಡ್ ಬೇಡ, ಲಗೂನ್‌ನಲ್ಲಿ ಮೀನು ನೋಡುತ್ತ ಇರುತ್ತೇನೆ, ನೀವಿಬ್ಬರೂ ಮೈಕೈ ಮುರಿದುಕೊಳ್ಳದೆ ಬಂದರೆ ಸಾಕು ಎಂದು ಪತ್ನಿ ತೀರ್ಮಾನ ಕೊಟ್ಟಿದ್ದಾಳೆ. ಹೀಗಾಗಿ ಏಪ್ರಿಲ್, ಉತ್ತರ ಮಾಲೆ ಅಟಾಲ್ ಎಂದು ನಿಶ್ಚಯಿಸಿದ್ದೇವೆ. ಕಾಗದಪತ್ರ, ವಿಮೆ, ಸಸ್ಯಾಹಾರ, ಸ್ವಂತ ಬೋರ್ಡ್ ಒಯ್ಯಬೇಕೆ ಎಂಬ ಸಂಗತಿಗಳನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಾವೇರಿ

ಸರ್, ಕಾಗದಪತ್ರದ ಗೋಜು ಕಡಿಮೆ. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ಪ್ರವಾಸಿ ಪರವಾನಗಿ ಶುಲ್ಕವಿಲ್ಲದೆ ಸಿಗುತ್ತದೆ. ಹೊರಡುವ ಮುನ್ನ 96 ಗಂಟೆಗಳೊಳಗೆ ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣದ ವಿವರ ತುಂಬಬೇಕು. ಮದ್ಯವನ್ನು ಚೀಲದಲ್ಲಿ ಒಯ್ಯುವಂತಿಲ್ಲ. ರೆಸಾರ್ಟ್‌ನವರು ಬೆಲೆ ಹೇಳಿದಾಗ, ಪ್ರವಾಸೋದ್ಯಮದ ಜಿಎಸ್‌ಟಿ, ಸೇವಾ ಶುಲ್ಕ, ತಲೆಗೆ ಇಷ್ಟೆಂದು ದಿನವಹಿ ಬೀಳುವ ಹಸಿರು ತೆರಿಗೆ ಮತ್ತು ಸ್ಪೀಡ್‌ಬೋಟ್ ಬಾಡಿಗೆ ಅದರಲ್ಲಿ ಸೇರಿವೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಸೇರದಿದ್ದರೆ ಬಿಲ್ಲು ಕಣ್ಣಿಗೆ ಕತ್ತಲೆ ತರುತ್ತದೆ. ಇಲ್ಲಿಯ ಏಜೆಂಟರು ವಿದೇಶಿ ಪ್ಯಾಕೇಜಿನ ಮೇಲೆ ಹಿಡಿಯುವ ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ತೆರಿಗೆ) ಕಳೆದುಹೋದ ಹಣವಲ್ಲ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ವಿಮೆಯ ವಿಷಯದಲ್ಲಿ ಉದಾಸೀನ ಬೇಡ. ಬಹಳಷ್ಟು ಪ್ರವಾಸ ವಿಮೆಗಳು ಸಾಹಸ ಕ್ರೀಡೆಗಳನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತವೆ. ಸರ್ಫಿಂಗ್ ಹಾಗೂ ದ್ವೀಪದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಎರಡೂ ಸೇರಿವೆ ಎಂಬುದನ್ನು ಓದಿಯೇ ಹಣ ಕಟ್ಟಿ. ಹವಳ ಗೀರಿದರೆ ಗಾಯ ಸಣ್ಣದೆಂದು ಹಾಗೆಯೇ ಬಿಡಬಾರದು. ಚೂರುಗಳು ಒಳಗೆ ಉಳಿದು ಕೀವಾಗುತ್ತದೆ, ಆದ್ದರಿಂದ ಕೂಡಲೇ ಶುದ್ಧ ನೀರು, ಸೋಪು, ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ ತೊಳೆದು ಆ್ಯಂಟಿಸೆಪ್ಟಿಕ್ ಹಚ್ಚಬೇಕು. ಉರಿಯುತ್ತದೆ, ಹಲ್ಲು ಕಚ್ಚಿಕೊಳ್ಳಬೇಕು. ರೀಫ್ ಬೂಟು, ಮೈಗೆ ಅಂಟಿಕೊಳ್ಳುವ ಉದ್ದ ತೋಳಿನ ಅಂಗಿಯಾದ ರ‍್ಯಾಶ್‌ಗಾರ್ಡ್ ಇಬ್ಬರಿಗೂ ಇರಲಿ.

ರೆಸಾರ್ಟ್‌ನಲ್ಲಿ ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಮೊದಲೇ ಬರೆದು ತಿಳಿಸಿದರೆ ಚಪಾತಿ, ದಾಲ್ ಮಾಡಿಕೊಡುತ್ತಾರೆ. ಸ್ಥಳೀಯರ ಅಡುಗೆಯಲ್ಲಿ ಮಾತ್ರ ಟ್ಯೂನಾ ಮೀನಿಲ್ಲದ ಪದಾರ್ಥ ಅಪರೂಪ, ಆದ್ದರಿಂದ ದೋಣಿಯ ಮೇಲಿನ ತಿಂಡಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಇನ್ನು ಬೋರ್ಡ್: ನಿಮಗೆ ಬೇಕಾದ ಅಳತೆ, ದಪ್ಪ ತಿಳಿಸಿ ಅಲ್ಲಿಯೇ ಬಾಡಿಗೆಗೆ ಕಾಯ್ದಿರಿಸುವುದು ಮೇಲು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವ ಚಿಕ್ಕ ವಿಮಾನ ಬೋರ್ಡ್ ಚೀಲವನ್ನು ಒಪ್ಪಿಕೊಳ್ಳುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಒಯ್ಯಲೇಬೇಕೆಂದಿದ್ದರೆ ಬೆಂಗಳೂರಿಗೆ ರಾತ್ರಿ ರೈಲು ಹಿಡಿದು, ಅಲ್ಲಿಂದ ಮಾಲೆಯ ನೇರ ವಿಮಾನಕ್ಕೆ ಮಾತ್ರ ಬೋರ್ಡ್‌ನ ಶುಲ್ಕ ಕಟ್ಟಿ. ಕಾಲಿಗೂ ಬೋರ್ಡಿಗೂ ಕಟ್ಟುವ ಲೀಶ್ ಹಗ್ಗ ಮಾತ್ರ ನಿಮ್ಮದೇ ಹೊಸದು ಇರಲಿ, ಬಾಡಿಗೆಯ ಬೋರ್ಡಿಗೆ ಕಟ್ಟಿರುವುದು ಎಷ್ಟು ಸವೆದಿದೆಯೋ ಹೇಳಲಾಗದು.