ನಮ್ಮ ಘಟ್ಟದ ಜೇಡಕ್ಕೆ ಹ್ಯಾರಿ ಪಾಟರ್ ಕಥೆಯ ಹೆಸರು: ಹೀಗೆ ಇಡಬಹುದಾ?

ಪ್ರಶ್ನೆ: ಶಿರಸಿ ಕಡೆಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ವೈಜ್ಞಾನಿಕ ಹೆಸರುಗಳ ಪಾಠ ನಡೆಯುತ್ತಿತ್ತು. ಮಾವಿಗೆ ಮ್ಯಾಂಜಿಫೆರಾ ಇಂಡಿಕಾ, ಮನುಷ್ಯನಿಗೆ ಹೋಮೋ ಸೇಪಿಯನ್ಸ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಬ್ಬಳು ಎದ್ದು ನಿಂತಳು. "ಸರ್, ಗ್ರಿಫಿಂಡೋರಿ ಅಂತ ಒಂದು ಜೇಡ ನಮ್ಮ ಘಟ್ಟದಲ್ಲೇ ಸಿಕ್ಕಿದೆಯಂತೆ, ನಿಜವಾ?" ಎಂದು ಕೇಳಿದಳು. ಹ್ಯಾರಿ ಪಾಟರ್ ಪುಸ್ತಕಗಳನ್ನೆಲ್ಲ ಓದಿರುವ ಹುಡುಗಿ. ಅಷ್ಟರಲ್ಲಿ ಹಿಂದಿನ ಬೆಂಚಿನವನು, "ಹಾಗಾದರೆ ಯಾರು ಬೇಕಾದರೂ ಏನು ಬೇಕಾದರೂ ಹೆಸರು ಇಡಬಹುದಾ ಸರ್?" ಎಂದ.

ತಿಳಿದುಕೊಂಡು ಹೇಳುತ್ತೇನೆ ಎಂದಿದ್ದೇನೆ. ಬಲ್ಲವರು ಹೇಳಿ. ಇದು ನಿಜವಾ? ನಿಜವಾದರೆ ಇಂಥ ಹೆಸರಿಗೆ ಒಪ್ಪಿಗೆ ಕೊಡುವವರು ಯಾರು? ಹೆಸರು ಕೇಳಿದರೆ ಪ್ರಾಣಿಯ ಬಗ್ಗೆ ಏನಾದರೂ ಗೊತ್ತಾಗಬೇಕು ಎನ್ನುವುದು ನನ್ನ ಅನಿಸಿಕೆ. ಸಿನಿಮಾ, ಕಾದಂಬರಿ ಹೆಸರು ಇಟ್ಟರೆ ವಿಜ್ಞಾನ ಹಗುರ ಆಗುವುದಿಲ್ಲವಾ?

ಉತ್ತರ: ಕೀಟಪೆಟ್ಟಿಗೆ, ಬೆಂಗಳೂರು

ಮೇಷ್ಟ್ರೇ, ಆ ಹುಡುಗಿ ಹೇಳಿದ್ದು ಪೂರ್ತಿ ನಿಜ. ಜೇಡದ ಪೂರ್ಣ ಹೆಸರು ಎರಿಯೊವಿಕ್ಸಿಯಾ ಗ್ರಿಫಿಂಡೋರಿ. ಜಾವೇದ್ ಅಹ್ಮದ್, ರಾಜಶ್ರೀ ಖಲಪ್, ಸುಮುಖ ಜೆ. ಎನ್. ಮೂವರೂ ಸೇರಿ 2016ರಲ್ಲಿ ಅದನ್ನು ಹೊಸ ಪ್ರಭೇದ ಎಂದು ವರ್ಣಿಸಿದರು. ಸಿಕ್ಕಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಕಾನಿನಲ್ಲಿ, ಅಂದರೆ ದಟ್ಟ ನಿತ್ಯಹಸಿರು ಕಾಡಿನಲ್ಲಿ. ನಿಮ್ಮ ಮಕ್ಕಳಿಗೆ ಕಾನು ಎಂದರೆ ಏನು ಅಂತ ವಿವರಿಸಬೇಕಾಗಿಲ್ಲ ಅಲ್ವಾ? ಅದನ್ನೇ ಮೊದಲು ಹೇಳಿ.

ನಾನು ಕೀಟ ಮತ್ತು ಜೇಡಗಳ ಸಂಗ್ರಹ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಚೀಟಿ ಬರೆಯುವುದು, ಹೆಸರು ತಾಳೆ ನೋಡುವುದು ನನ್ನ ದಿನದ ಕೆಲಸ. ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ಈ ಜೇಡ ಸುಮಾರು 7 ಮಿಲಿಮೀಟರ್ ಉದ್ದ ಅಷ್ಟೇ. ಹೊಟ್ಟೆಯ ಭಾಗ ಬುಡದಲ್ಲಿ ಅಗಲ, ಹೋಗುತ್ತಾ ಹೋಗುತ್ತಾ ಚೂಪು, ತುದಿ ಸ್ವಲ್ಪ ಬಾಗಿದೆ. ಬಣ್ಣ ಒಣಗಿದ ಎಲೆಯದು. ಹಗಲು ಸುಮ್ನೆ ಕೂತರೆ ತರಗೆಲೆ ಅಂದುಕೊಂಡು ಮುಂದೆ ಹೋಗುತ್ತೇವೆ. ಹ್ಯಾರಿ ಪಾಟರ್ ಕಥೆಯಲ್ಲಿ ಮಕ್ಕಳನ್ನು ಬೇರೆ ಬೇರೆ ಹಾಸ್ಟೆಲ್‌ಗೆ ಹಂಚುವ ಮಾತಾಡುವ ಟೋಪಿ ಇದೆಯಲ್ಲ, ಅದರ ಆಕಾರವೂ ಇದೇ. ಆ ಟೋಪಿಯ ಮೊದಲ ಒಡೆಯ ಗಾಡ್ರಿಕ್ ಗ್ರಿಫಿಂಡರ್. ಹೆಸರು ಬಂದಿದ್ದು ಅಲ್ಲಿಂದ. ಹಾಗಾಗಿ ಮೇಷ್ಟ್ರೇ, ನೀವು ಕೇಳುವ ಗುಣ ಈ ಹೆಸರಿನಲ್ಲೇ ಇದೆ. ಟೋಪಿ ನೆನಪಾದರೆ ಜೇಡದ ಆಕಾರವೂ ನೆನಪಾಗುತ್ತದೆ. ಸುದ್ದಿ ಹೊರಬಂದಾಗ ಲೇಖಕಿ ರೌಲಿಂಗ್ ಅವರೇ ಟ್ವಿಟರ್‌ನಲ್ಲಿ ಸಂತೋಷ ಹೇಳಿಕೊಂಡರು. ಬೆರಳಿನ ಉಗುರಿಗಿಂತ ಚಿಕ್ಕ ಜೇಡದ ಬಗ್ಗೆ ಅಷ್ಟು ಜನ ಒಂದೇ ವಾರದಲ್ಲಿ ಓದಿದ್ದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಒಪ್ಪಿಗೆ ಕೊಡುವವರು ಯಾರು ಎಂದು ಕೇಳಿದ್ದೀರಿ. ಹೆಸರಿಗೆ ಠಸ್ಸೆ ಹೊಡೆಯುವ ಆಫೀಸು ಯಾವುದೂ ಇಲ್ಲ. ಪ್ರಾಣಿಗಳಿಗೆ ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ, ಸಸ್ಯ ಮತ್ತು ಅಣಬೆಗಳಿಗೆ ಬೇರೆ ಇದೆ. ಹೆಸರು ಲ್ಯಾಟಿನ್ ಅಕ್ಷರಗಳಲ್ಲಿರಬೇಕು. ಅದೇ ಕುಲದಲ್ಲಿ, ಅಂದರೆ ಹೆಸರಿನ ಮೊದಲ ಪದ ಒಂದೇ ಇರುವ ಗುಂಪಿನಲ್ಲಿ, ಆ ಹೆಸರು ಮೊದಲೇ ಇರಬಾರದು. ಈ ಪ್ರಾಣಿ ಉಳಿದವುಗಳಿಗಿಂತ ಹೇಗೆ ಬೇರೆ ಎಂದು ಬರೆದು ಪ್ರಕಟಿಸಬೇಕು. ಒಂದು ಮೂಲ ಮಾದರಿಯನ್ನು, ಅಂದರೆ ಆ ಹೆಸರಿಗೆ ಆಧಾರವಾಗುವ ಪ್ರಾಣಿಯನ್ನು, ಗುರುತಿಸಬೇಕು. ಕಷ್ಟ ಇರುವುದು ಹೆಸರಿನಲ್ಲಲ್ಲ, ಈ ಕೊನೆಯ ಎರಡು ಕೆಲಸದಲ್ಲಿ. ಜೇಡವಾದರೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣುಗಳ ಜೋಡಣೆ, ಕಾಲಿನ ಅಳತೆ, ಜನನಾಂಗದ ರಚನೆ ಎಲ್ಲ ನೋಡಬೇಕು. ಹತ್ತಿರದ ಪ್ರಭೇದಗಳ ಹಳೆಯ ವರ್ಣನೆ ಹುಡುಕಿ ಹೋಲಿಸಬೇಕು. ಇಷ್ಟೆಲ್ಲ ಮಾಡಿದವರಿಗೆ ಹೆಸರಿಡುವ ಹಕ್ಕು. ಹಿಂದಿನ ಬೆಂಚಿನ ಹುಡುಗನಿಗೆ ಇದನ್ನೇ ಹೇಳಿ.

ಅಣಬೆಯ ವಿಷಯದಲ್ಲಿ ಒಮ್ಮೆ ಜಗ್ಗಾಟವೇ ಆಗಿದೆ. ಮಲೇಷ್ಯಾದ ಸರವಾಕ್ ಕಾಡಿನಲ್ಲಿ ಸ್ಪಂಜಿನಂಥ ಅಣಬೆ ಸಿಕ್ಕಿತು. ಹಿಂಡಿದರೆ ನೀರು ಸೋರುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಸ್ಪಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್ ಕಾರ್ಟೂನಿನ ನೆನಪಿಗೆ ಸ್ಪಾಂಜಿಫಾರ್ಮಾ ಸ್ಕ್ವೇರ್‌ಪ್ಯಾಂಟ್ಸಿ ಎಂದು ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಇದು ತಮಾಷೆಯ ಹೆಸರು ಎಂದು ಮೊದಲು ಬೇಡ ಎಂದರು. ಸಂಶೋಧಕರು ಪಟ್ಟು ಬಿಡಲಿಲ್ಲ. 2011ರಲ್ಲಿ ಅದೇ ಹೆಸರಿನಲ್ಲಿ ಪ್ರಕಟವಾಯಿತು.

ಉತ್ತರ: ತೋಟದ ಮನೆ, ಸಿದ್ದಾಪುರ

ಅಕ್ಕಾ, ನಿಮ್ಮ ಕೆಲಸದ ಬಗ್ಗೆ ಗೌರವ ಇದೆ. ಆದರೆ ನನಗೆ ಸಮಾಧಾನ ಆಗಲಿಲ್ಲ. ಜೇಡ ಇರುವುದು ನಮ್ಮ ಕಾನಿನಲ್ಲಿ, ಹೆಸರು ಇಂಗ್ಲೆಂಡಿನ ಮಾಂತ್ರಿಕನದು. ನಮ್ಮ ಕಡೆಯ ಕತ್ತಲೆಕಾನಿನ ಕಪ್ಪೆಗೆ 2014ರಲ್ಲಿ ನಿಕ್ಟಿಬ್ಯಾಟ್ರಕಸ್ ಕುಂಬಾರ ಎಂದು ಹೆಸರಿಟ್ಟರು. ಗಂಡು ಕಪ್ಪೆ ಕೈಯಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಕುಂಬಾರ ಎಂದ ಕೂಡಲೇ ನನ್ನ ಅಮ್ಮನಿಗೂ ಅರ್ಥ ಆಯಿತು. ಹೆಸರು ಇಡುವುದಾದರೆ ಹೀಗೆ ಇಡಬೇಕು. ಟೋಪಿ ಕಥೆ ಓದದ ಊರಿನವರಿಗೆ ಗ್ರಿಫಿಂಡೋರಿ ಎಂದರೆ ಏನು ತಿಳಿಯುತ್ತದೆ?

ಉತ್ತರ: ಹೊಳೆಮೀನು, ಪುತ್ತೂರು

ಕುಂಬಾರ ನನಗೂ ಇಷ್ಟದ ಹೆಸರು. ಆದರೂ ಕೇರಳದ ಒಂದು ಮೀನಿನ ವಿಷಯ ಹೇಳಬೇಕು. ಮೀನಿನ ಹುಚ್ಚು ಇರುವ ನನ್ನಂಥವರಿಗೆ ಇದು ದೊಡ್ಡ ಸಂಗತಿ.

2018ರ ಪ್ರವಾಹ ನೆನಪಿದೆಯಲ್ಲ? ಆ ನೀರು ಇಳಿದ ಮೇಲೆ ಮಲಪ್ಪುರಂ ಜಿಲ್ಲೆಯ ಒಂದು ಗದ್ದೆಯಲ್ಲಿ ಹಾವಿನಂಥ ಉದ್ದನೆಯ ಮೀನು ಕಾಣಿಸಿತು. ಅದರ ಫೋಟೋ ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿ ಸಂಶೋಧಕರ ಕಣ್ಣಿಗೆ ಬಿತ್ತು. ನೋಡಿದರೆ ಅದು ನೆಲದಡಿಯ ನೀರಿನಲ್ಲಿ ಬದುಕುವ ಮೀನು. ನಮ್ಮ ಕರಾವಳಿಯಲ್ಲಿ ಮುರಕಲ್ಲು ಇದೆಯಲ್ಲ, ಅಂಥದ್ದೇ ಕಲ್ಲಿನ ಪದರಗಳ ಒಳಗೆ ನಿಂತ ನೀರು ಅದರ ಮನೆ. ಅದಕ್ಕೆ 2019ರಲ್ಲಿ ಎನಿಗ್ಮಚನ್ನಾ ಗೊಲ್ಲಮ್ ಎಂದು ಹೆಸರಾಯಿತು. ಲಾರ್ಡ್ ಆಫ್ ದ ರಿಂಗ್ಸ್ ಬರೆದ ಟೋಲ್ಕಿನ್ ಕಥೆಯ ಗೊಲ್ಲಮ್ ಗುಹೆ ಸೇರಿ, ಕತ್ತಲಲ್ಲೇ ಬದುಕಿ, ರೂಪವೇ ಬದಲಾದವನು. ಈ ಮೀನಿನ ವಂಶದ್ದೂ ಅದೇ ಕಥೆ. ಮರುವರ್ಷ ವರ್ಗೀಕರಣದಲ್ಲಿ ಅದಕ್ಕೆ ಹೊಸ ಕುಟುಂಬವನ್ನೇ ಮಾಡಬೇಕಾಯಿತು, ಅಷ್ಟು ಬೇರೆಯ ಮೀನು. ಬಾವಿಯ ನೀರು ಬರಿದಾದರೆ ಅದರ ಮನೆಯೂ ಬರಿದು. ಗೊಲ್ಲಮ್ ಹೆಸರು ಕೇಳಿ ನಾಲ್ಕು ಜನ ಆ ನೀರಿನ ಬಗ್ಗೆ ಯೋಚಿಸಿದರೂ ಒಳ್ಳೆಯದೇ.

ಉತ್ತರ: ಕೀಟಪೆಟ್ಟಿಗೆ, ಬೆಂಗಳೂರು

ತೋಟದ ಮನೆಯವರೇ, ಕುಂಬಾರದಂಥ ಹೆಸರು ಇನ್ನೂ ಜಾಸ್ತಿ ಬರಬೇಕು ಎನ್ನುವುದು ನನ್ನ ಆಸೆಯೂ ಹೌದು. ಆದರೆ ಕಥೆಯಿಂದ ಹೆಸರು ತರುವುದು ಈಗಿನ ಹುಡುಗರ ಹೊಸ ಚಾಳಿ ಅಲ್ಲ. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುವುದೇ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಹೊರತಂದ ಪುಸ್ತಕದಿಂದ. ಆತ ಬಾಲದ ಚಿಟ್ಟೆಗಳಿಗೆ ಗ್ರೀಕ್ ಮಹಾಕಾವ್ಯದ ವೀರರ ಹೆಸರನ್ನೇ ಹಂಚಿದ. ಎದೆಯ ಮೇಲೆ ರಕ್ತದಂಥ ಕೆಂಪು ಚುಕ್ಕೆ ಇರುವ ಚಿಟ್ಟೆಗಳು ಟ್ರಾಯ್ ಊರಿನವು, ಇಲ್ಲದವು ಗ್ರೀಕರ ಕಡೆಯವು. ನಮ್ಮ ಹಿತ್ತಲಿಗೆ ಬರುವ ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆಗೆ ಆತ ಇಟ್ಟ ಹೆಸರು ಹೆಕ್ಟರ್. ಟ್ರಾಯ್ ಪರ ಹೋರಾಡಿ ಸತ್ತ ರಾಜಕುಮಾರ. ಕರ್ನಾಟಕದ ರಾಜ್ಯ ಚಿಟ್ಟೆಯ ಹೆಸರು ಟ್ರಾಯ್ಡಿಸ್ ಮೈನಾಸ್. ಅದೂ ಗ್ರೀಕ್ ಕಥೆಯ ರಾಜನೇ. ಇವೆಲ್ಲ ನಮಗೆ ಗಂಭೀರವಾಗಿ ಕೇಳಿಸುತ್ತವೆ, ಹ್ಯಾರಿ ಪಾಟರ್ ಮಾತ್ರ ಹಗುರ ಅನಿಸುತ್ತದೆ. ಕಾರಣ ಹಳತು ಹೊಸತು ಎನ್ನುವುದಷ್ಟೇ.

ನನಗೆ ಬೇಸರ ತರುವುದು ಬೇರೆ. ಪ್ರಾಣಿಗೂ ಹೆಸರಿಗೂ ಏನೇನೂ ಸಂಬಂಧವಿಲ್ಲದೆ, ಬರೀ ಸುದ್ದಿಗಾಗಿ ಇಟ್ಟರೆ ಒಪ್ಪುವುದಿಲ್ಲ. ಥಾಯ್ಲೆಂಡಿನ ಆಂಪ್ಯುಲೆಕ್ಸ್ ಡಿಮೆಂಟರ್ ಎಂಬ ಕಣಜ ನೋಡಿ. ಬರ್ಲಿನ್ ಮ್ಯೂಸಿಯಂಗೆ ಬಂದ ಜನರೇ ಮತ ಹಾಕಿ ಆರಿಸಿ, 2014ರಲ್ಲಿ ಪ್ರಕಟವಾದ ಹೆಸರು. ಈ ಬಗೆಯ ಕಣಜ ಜಿರಲೆಯನ್ನು ಚುಚ್ಚಿದರೆ ಜಿರಲೆ ಸಾಯುವುದಿಲ್ಲ, ತಾನಾಗಿ ಓಡುವ ಬುದ್ಧಿಯನ್ನು ಮಾತ್ರ ಕಳೆದುಕೊಳ್ಳುತ್ತದೆ. ಹ್ಯಾರಿ ಪಾಟರ್ ಕಥೆಯ ಡಿಮೆಂಟರ್‌ಗಳು ಮನುಷ್ಯರ ಚೈತನ್ಯ ಹೀರುವುದೂ ಹಾಗೆಯೇ. ಮತ ಹಾಕಿದವರಿಗೆ ಕಣಜದ ಬದುಕು ಅರ್ಥವಾಗಿತ್ತು. ಅದಕ್ಕಿಂತ ಹೆಚ್ಚು ಏನು ಬೇಕು?

ಪ್ರಶ್ನೆ ಕೇಳಿದವರು: ಶಿರಸಿ ಕಡೆಯ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ನಾಳೆಯೇ ಮಕ್ಕಳಿಗೆ ಹೇಳುತ್ತೇನೆ. ಜೇಡ ತೋರಿಸಲು ಆಗುವುದಿಲ್ಲ, ಹೆಕ್ಟರ್ ಚಿಟ್ಟೆಯನ್ನಾದರೂ ತೋರಿಸುವ ಆಸೆ. ಶಾಲೆಯ ಬೇಲಿಯಲ್ಲಿ ಈಶ್ವರಿ ಬಳ್ಳಿ ಇದೆ. ಕೆಂಪು ಮೈಯ ಕಪ್ಪು ಚಿಟ್ಟೆಗಳು ಬರುತ್ತವೆ. ಅವು ಹೆಕ್ಟರ್ ಎಂದು ಗುರುತಿಸುವುದು ಹೇಗೆ?

ಉತ್ತರ: ಕೀಟಪೆಟ್ಟಿಗೆ, ಬೆಂಗಳೂರು

ಈಶ್ವರಿ ಬಳ್ಳಿ ಇದ್ದರೆ ಕೆಲಸ ಸುಲಭ, ಅದರ ಮರಿಹುಳು ತಿನ್ನುವುದು ಅದೇ ಎಲೆ. ಆದರೆ ಅದೇ ಬಳ್ಳಿಗೆ ಕಾಮನ್ ರೋಸ್ ಎಂಬ ಇನ್ನೊಂದು ಕೆಂಪು ಮೈಯ ಚಿಟ್ಟೆಯೂ ಬರುತ್ತದೆ. ರೆಕ್ಕೆ ನೋಡಿ. ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟಿ, ಹಿಂದಿನ ರೆಕ್ಕೆಯಲ್ಲಿ ಕಡುಕೆಂಪು ಚುಕ್ಕೆಗಳ ಸಾಲು ಇದ್ದರೆ ಹೆಕ್ಟರ್. ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ ಇದ್ದು ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟಿ ಇಲ್ಲದಿದ್ದರೆ ಕಾಮನ್ ರೋಸ್. ಬಿಸಿಲು ಏರಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ, ಬಳ್ಳಿಯನ್ನು ಮಾತ್ರ ಯಾರೂ ಕೀಳದಂತೆ ನೋಡಿಕೊಳ್ಳಿ.