ಸಹಾಯ ಬೇಕು: ಕತ್ತಲೆಗೆ ಹೆದರೋ ಮಗನ ಜೊತೆ ಮಾಂಟೆರೇ ಅಕ್ವೇರಿಯಂ

ಎಲ್ರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೀವಿ. ಶಿವಮೊಗ್ಗದಿಂದ ಅತ್ತೆ ಮಾವ ಬಂದಿದ್ದಾರೆ, ಮುಂದಿನ ಶನಿವಾರ ಎಲ್ರೂ ಮಾಂಟೆರೇ ಬೇ ಅಕ್ವೇರಿಯಂಗೆ ಹೊರಟಿದ್ದೀವಿ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ.

ಮಗನಿಗೆ ಮೀನು ಅಂದ್ರೆ ಪ್ರಾಣ, ಆದ್ರೆ ಕತ್ತಲೆ ಆಗಲ್ಲ. ಹೋದ ವರ್ಷ ಬೇರೊಂದು ಅಕ್ವೇರಿಯಂನಲ್ಲಿ ಜೆಲ್ಲಿ ಫಿಶ್ ಕೋಣೆಯ ಬಾಗಿಲಲ್ಲೇ ನನ್ನ ಚೂಡಿದಾರ್ ತುದಿ ಎರಡೂ ಕೈಲಿ ಹಿಡ್ಕೊಂಡು, ಕಣ್ಣು ಮುಚ್ಚಿ "ಅಮ್ಮಾ ಎತ್ಕೋ" ಅಂತ ಬಿಕ್ಕಿ ಬಿಕ್ಕಿ ಅತ್ತ. ಹತ್ತೇ ನಿಮಿಷಕ್ಕೆ ವಾಪಸ್ ಬಂದ್ವಿ. ಆ ಮುಖ ನೆನಪಾದ್ರೆ ಈಗ್ಲೂ ಸಂಕಟ ಆಗತ್ತೆ.

ಆಮೇಲೆ ಮನೇಲಿ ವಿಡಿಯೋ ತೋರಿಸಿದ್ವಿ, ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು ಗೋಡೆ ಮೇಲೆ ಮೀನಿನ ನೆರಳು ಆಡಿಸಿದ್ವಿ. ತಾತ ಪಕ್ಕದಲ್ಲಿದ್ರೆ ಐದು ನಿಮಿಷ ಕೂರ್ತಾನೆ, ಅಷ್ಟೇ.

ಮಾಂಟೆರೇಲಿ 28 ಅಡಿ ಎತ್ತರದ ಕೆಲ್ಪ್ ಫಾರೆಸ್ಟ್ (ದೊಡ್ಡ ಕಡಲಕಳೆಯ ಕಾಡು) ತೊಟ್ಟಿಗೆ ಮೇಲಿಂದ ಬಿಸಿಲು ಬೀಳತ್ತೆ, ಸಮುದ್ರದ ನೀರುನಾಯಿಗಳಿವೆ, ಮಕ್ಕಳಿಗೆ ಮುಟ್ಟಿ ನೋಡೋ ಕೊಳಗಳೂ ಇವೆ. ಅದೆಲ್ಲ ಅವನಿಗೆ ಖಂಡಿತ ಇಷ್ಟ ಆಗತ್ತೆ. ಆದ್ರೆ ಜೆಲ್ಲಿ ಫಿಶ್ ವಿಭಾಗ, ಓಪನ್ ಸೀ ಅನ್ನೋ ತೆರೆದ ಸಮುದ್ರದ ಜೀವಿಗಳ ವಿಭಾಗ ಎರಡೂ ಕತ್ತಲೆ ಕಡೆ. ಅತ್ತೆಗೆ ಅದನ್ನೇ ನೋಡ್ಬೇಕು ಅಂತ ಆಸೆ.

ಚಿಕ್ಕ ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ: ಆ ಕತ್ತಲೆ ಕೋಣೆಗಳನ್ನು ಹಾಯದೆ ನೀರುನಾಯಿಯಿಂದ ಮಕ್ಕಳ ವಿಭಾಗಕ್ಕೆ ಹೋಗೋ ದಾರಿ ಇದೆಯಾ? ನಾವಿಬ್ರು ಸರದಿ ಮೇಲೆ ಹೊರಗೆ ನಿಲ್ಲೋದಾ, ಇಲ್ಲ ಕೊನೇಲಿ ಒಮ್ಮೆ ಅವನನ್ನೂ ಕರ್ಕೊಂಡು ಹೋಗಿ ನೋಡೋದಾ?